ಪುಕ್ಕಟೆ ಚಿತ್ರ

ಕಾಗೆ ಕಾಳಣ್ಣನೂ ಗುಬ್ಬಿ ಚಿನ್ನಕ್ಕನೂ ಕೂಡಿ ಮಂಡಕ್ಕಿ ಅಂಗಡಿ ಇಟ್ಟರು. ಬೋರ್ಡಿಗೆ ಚಿತ್ರ ಬೇಕು, ಬರೆಯಲು ಇಬ್ಬರಿಗೂ ಬಾರದು. ಕಾಗೆ ಎಲ್ಲಿಂದಲೋ ನವಿಲಿನ ಚಿತ್ರವೊಂದನ್ನು ಕಚ್ಚಿಕೊಂಡು ಬಂದು ಅಂಟಿಸಿಯೇ ಬಿಟ್ಟಿತು.

"ಯಾರದೋ ಇದು?" ಎಂದಿತು ಗುಬ್ಬಿ.

"ಗೋಡೆ ಮೇಲಿತ್ತು ಕಣಕ್ಕ. ಪುಕ್ಕಟೆ!"

ಅಂಗಡಿ ತೆರೆಯುವ ಹೊತ್ತಿಗೆ ಸರಿಯಾಗಿ ನವಿಲು ಬಂದಿತು. "ಪುಕ್ಕ ನನ್ನದು ಕಾಳಣ್ಣ. ನನ್ನನ್ನು ಕೇಳದೆ ನಿನಗೆ ಪುಕ್ಕಟೆ ಹೇಗಾಯಿತು?" ಎಂದು ಚಿತ್ರ ಕಿತ್ತುಕೊಂಡು ಹೋಯಿತು.

ಬೋಳು ಬೋರ್ಡು ನೋಡಿ, "ಅಂಗಡಿ ಮುಚ್ಚಿದಿರಾ?" ಎಂದು ಅಳಿಲು ಮುಂದಕ್ಕೆ ನಡೆಯಿತು. ಮೊದಲ ಗಿರಾಕಿಯೇ ಹೋಯಿತಲ್ಲ ಎಂದು ಕಾಗೆಗೆ ಗಾಬರಿ. ಬೋರ್ಡು ಕೆಳಗಿಳಿಸುವ ಆತುರದಲ್ಲಿ ಕೆಂಪು ಚಟ್ನಿ ತುಳಿದು, ಜಾರಿ, ಬೋರ್ಡಿನ ಮೇಲೆಲ್ಲ ಕುಪ್ಪಳಿಸಿತು. ಬೈಯಲು ಓಡಿ ಬಂದ ಗುಬ್ಬಿಯೂ ಅದೇ ಚಟ್ನಿ ತುಳಿದು ಬೋರ್ಡಿನ ಮೇಲೆ ಹೆಜ್ಜೆ ಮೂಡಿಸಿತು.

ಅಷ್ಟರಲ್ಲಿ ಕೊಕ್ಕರೆ ಮೇಷ್ಟ್ರು ಬಂದರು. "ಏನೋ ಇದು, ಕಾಗೆ ಕಾಲು ಗುಬ್ಬಿ ಕಾಲು?" ಶಾಲೆಯಲ್ಲಿ ಕಾಗೆಯ ಅಕ್ಷರ ನೋಡಿದಾಗಲೆಲ್ಲ ಮೇಷ್ಟ್ರು ಹೀಗೇ ಬೈಯುತ್ತಿದ್ದರು.

ಕಾಗೆ ಬೋರ್ಡು ನೋಡಿತು, ಗುಬ್ಬಿಯನ್ನು ನೋಡಿತು, ಕಣ್ಣು ಮಿಟುಕಿಸಿತು. "ಹೌದು ಮೇಷ್ಟ್ರೇ, ಅಂಗಡಿ ಹೆಸರೇ ಅದು! ಕಾಲು ನಮ್ಮದೇ, ಯಾರ ಅಪ್ಪಣೆಯೂ ಬೇಕಿಲ್ಲ. ಖಾರ ಎಷ್ಟು ಹಾಕಲಿ?"

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಕೇಳಿ ಅಳಿಲು ತಿರುಗಿ ಬಂದಿತು, ಅದರ ಹಿಂದೆ ಊರಿಗೆ ಊರೇ ಬಂದಿತು. ಸಂಜೆ ನವಿಲೂ ಬಂದು ಮೆಲ್ಲಗೆ ಕೇಳಿತು: "ನನ್ನ ಕಾಲೂ ಒಂದು ಒತ್ತಲೇ ಕಾಳಣ್ಣ?"

"ಕೇಳಿದೆಯಲ್ಲ ಮಾರಾಯ, ಒತ್ತು," ಎಂದು ಕಾಗೆ ಚಟ್ನಿ ಬಟ್ಟಲು ಮುಂದಿಟ್ಟಿತು. "ಪುಕ್ಕಟೆ!"