ಬರಿದಾದ ಗುಳಿ

ಗುರು ಅಂದ ಕೂಡಲೇ ಗಡ್ಡ ಹುಡುಕಬೇಡಿ. ಈ ಗುರುವಿಗೆ ಗಡ್ಡವೂ ಇರಲಿಲ್ಲ, ಹಲ್ಲೂ ಇರಲಿಲ್ಲ. ಹೆಸರು ದೊಡ್ಡತಾಯಮ್ಮ. ಹೊಳೆ ದಂಡೆಯ ಆಶ್ರಮದಲ್ಲಿ ಎಲ್ಲರಿಗೂ ಅವ್ವ.

ಶಿಷ್ಯನ ಹೆಸರು ಚಲುವರಾಜು. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಗೋತಾ ಹೊಡೆದು ಬಂದವನು. ಪಾಠದ ಹೊತ್ತಿನಲ್ಲಿ ಅವ್ವನ ಕನ್ನಡಕವನ್ನು ಬೆಕ್ಕಿಗೆ ಹಾಕಿ, ಜಗಲಿಯ ಮೇಲೆ ಕೂರಿಸಿ, ಎಲ್ಲರ ಕೈಲೂ ಅದಕ್ಕೆ ನಮಸ್ಕಾರ ಮಾಡಿಸುತ್ತಿದ್ದವನು. ಅವನ ಅಪ್ಪ ತೀರಿಕೊಂಡ ಮೇಲೆ ಬೆಕ್ಕಿಗೆ ಬಿಡುವು ಸಿಕ್ಕಿತ್ತು.

ಒಂದು ಸಂಜೆ ಚಲುವ ಅಪ್ಪನ ಕಾರನ್ನು ತಂದು ಆಶ್ರಮದ ಮರದಡಿ ನಿಲ್ಲಿಸಿದ. ಅಮೆರಿಕದ ಹಳೇ ಕಾಲದ ಮಸಲ್ ಕಾರು. ಮೂತಿ ಉದ್ದ, ಗುಟುರು ಜೋರು, ಸ್ಟೀರಿಂಗು ಎಡಗಡೆ. ಸಿನಿಮಾದವರು ಕ್ಲೈಮ್ಯಾಕ್ಸಿನಲ್ಲಿ ಸುಡಬೇಕು ಅಂತ ಇಟ್ಟುಕೊಂಡಿದ್ದದ್ದನ್ನು ಅಪ್ಪ ಗುಜರಿ ಬೆಲೆ ಕೊಟ್ಟು ಬಿಡಿಸಿಕೊಂಡು ಬಂದಿದ್ದ.

“ಅವ್ವ, ಇದರ ಕುದುರೆ ಜಾಸ್ತಿ ಮಾಡಿಸಬೇಕು.”

“ಕುದುರೆ ಎಲ್ಲೈತೆ?”

“ಬಾನೆಟ್ಟಿನ ಒಳಗೆ. ಎಂಜಿನ್ನಿನ ಶಕ್ತೀನ ಕುದುರೆ ಲೆಕ್ಕದಲ್ಲಿ ಹೇಳ್ತಾರೆ. ಹೊಸದರಲ್ಲಿ ಮುನ್ನೂರು ಇದ್ವಂತೆ. ಈಗ ನೂರು ಉಳಿದಿದ್ರೆ ಹೆಚ್ಚು. ನಾನೂರು ಮಾಡಿಸ್ತೀನಿ.”

“ಅಷ್ಟಕ್ಕೂ ಹುಲ್ಲಿಗೆ ಏನು ಮಾಡ್ತೀಯ?”

ಮೊದಲಿನ ಚಲುವನಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

“ಅಪ್ಪನ ಇನ್ಶೂರೆನ್ಸ್ ದುಡ್ಡು ಬಂದೈತೆ. ಪೂರ್ತಿ ಇದಕ್ಕೇ ಸುರೀತೀನಿ. ನೀನು ಹೂಂ ಅಂದ್ರೆ ನಾಳೇನೇ ಗ್ಯಾರೇಜಿಗೆ ಬಿಡ್ತೀನಿ.”

“ಲೆಕ್ಕ ಹಾಕಿದ್ದೀಯ?”

“ಬಾಯಲ್ಲೈತೆ.”

“ಬಾಯಿ ಲೆಕ್ಕ ಬಾಯಲ್ಲೇ ಕರಗುತ್ತೆ.”

ಅವ್ವ ಅಳಗುಳಿ ಮಣೆ ಬಿಚ್ಚಿ ಅವನ ಮುಂದಿಟ್ಟಳು. ಹುಣಸೆ ಬೀಜದ ಡಬ್ಬಿ ಸುರಿದಳು.

“ಒಂದು ಬೀಜ ಹತ್ತು ಸಾವಿರ ಅಂದ್ಕೋ. ಇಕ್ಕು.”

ಚಲುವ ತನ್ನ ಕಡೆಯ ಸಾಲಿನಲ್ಲಿ ಒಂದೊಂದೇ ಗುಳಿ ತುಂಬಿದ. ಟೈರು. ಬ್ರೇಕು. ಗೇರ್ ಬಾಕ್ಸು. ಸೈಲೆನ್ಸರು. ಕಾರ್ಬುರೇಟರು.

“ಸೀಟಿಗೆ?”

“ಹಿಂದಿನ ಸೀಟು ಕಿತ್ತು ಹಾಕ್ತೀನಿ ಅವ್ವ. ಭಾರ ಇಳಿದಷ್ಟೂ ಓಟ ಜಾಸ್ತಿ.”

“ಮುಂದಿನದ್ದು?”

“ನಾನು ಕೂರೋದು ಚೆನ್ನಾಗೈತೆ.”

“ಪಕ್ಕದ್ದು?”

ಚಲುವನ ಕೈ ಮುಂದಿನ ಗುಳಿಯ ಮೇಲೆ ಹಾಗೇ ನಿಂತಿತು.

“ಅದಕ್ಕೇನೂ ಮಾಡಿಸಲ್ಲ,” ಅಂದ. ಆ ಗುಳಿಯನ್ನು ಬರಿದೇ ಬಿಟ್ಟು, ಮಿಕ್ಕ ಬೀಜವನ್ನೆಲ್ಲ ಅದರಾಚೆಯ ಕೊನೇ ಗುಳಿಗೆ ಸುರಿದ. “ಇದು ಎಂಜಿನ್ನು.”

ಗುಳಿ ತುಂಬಿ ಬೀಜ ಹೊರಗೆ ಚೆಲ್ಲಿತು.

ಅವ್ವ ಸೊಂಟ ಹಿಡಿದು ಎದ್ದಳು. “ಒಂದು ಸುತ್ತು ಕೂರಿಸ್ಕೊಂಡು ಹೋಗು. ನಿನ್ನ ಕುದುರೆ ನೋಡಾನ.”

ಹೋಗಿ ಬಲಗಡೆಯ ಬಾಗಿಲು ತೆಗೆದಳು.

“ಅಲ್ಲಿ ಬೇಡ!”

ಅವನ ಕೂಗಿಗೆ ಹೊಳೆಯಲ್ಲಿ ನಿಂತಿದ್ದ ಕೊಕ್ಕರೆ ಹಾರಿಹೋಯಿತು.

ಸೀಟಿನ ಬೆನ್ನ ಮೇಲೆ ಅಪ್ಪನ ಟವೆಲ್ಲು ಅವತ್ತು ಹಾಕಿದ ಹಾಗೇ ಇತ್ತು. ಟವೆಲ್ಲಿನ ಮೇಲೆ, ಸೀಟಿನ ಮೇಲೆ ಧೂಳು ಕೂತಿತ್ತು. ಕಾರಿನ ಮಿಕ್ಕದ್ದೆಲ್ಲ ಮುಖ ಕಾಣುವ ಹಾಗೆ ಮಿಂಚುತ್ತಿತ್ತು.

ಅವ್ವ ಸದ್ದಾಗದಂತೆ ಬಾಗಿಲು ಮುಚ್ಚಿದಳು.

“ಎಲ್ಲಿ ಹೋಯ್ತು ನಿಮ್ಮಪ್ಪನ ಜೀವ?”

“ಕರಿಕಲ್ಲು ಏರಿನಲ್ಲಿ. ಎದೆ ನೋವು ಅಂದ. ಆಸ್ಪತ್ರೆ ಏರಿನ ಆಚೆ. ನಾನು ತುಳಿದೆ ಅವ್ವ, ಕಾಲು ನೆಲಕ್ಕೆ ತಾಕೋ ಹಂಗೆ ತುಳಿದೆ. ಕಾರು ಏದುಸಿರು ಬಿಡ್ತಾ ಹತ್ತಿತು. ‘ಲೇ, ಹಿಂದಿನ ಎತ್ತಿನ ಗಾಡಿಗೆ ದಾರಿ ಬಿಡು, ಪಾಪ ಅದು ಅರ್ಜೆಂಟಲ್ಲೈತೆ’ ಅಂತ ಅಪ್ಪ ನಗಾಡ್ದ. ಏರಿನ ತುದೀಲಿ ಪಕ್ಕಕ್ಕೆ ತಿರುಗಿ ನೋಡಿದ್ರೆ...”

ಚಲುವ ಅಂಗಿಯ ತೋಳಿನಿಂದ ಬಾನೆಟ್ಟು ಉಜ್ಜತೊಡಗಿದ.

“ಈಗ ದಿನಾ ಹೋಗ್ತೀನಿ. ಏರು ಹತ್ತೋದು, ತುದಿಯಿಂದ ವಾಪಸ್ಸು. ಆ ಕಡೆ ಇಳಿಯಕ್ಕೆ ಆಗಲ್ಲ. ಕುದುರೆ ಸಾಲಲಿಲ್ಲ ಅವ್ವ. ನಾನೂರಿದ್ದಿದ್ರೆ ಅಪ್ಪ ಉಳೀತಿದ್ದ. ಅಲ್ವಾ?”

ಅವ್ವ ಹೊಳೆ ನೋಡಿದಳು. ಚಲುವ ಅವಳ ಬಾಯಿ ನೋಡಿದ.

“ನಂಗೆ ಗೊತ್ತಿಲ್ಲ ಮಗ.”

ಹೌದು ಅಂದಿದ್ದರೂ ಆಗುತ್ತಿತ್ತು, ಇಲ್ಲ ಅಂದಿದ್ದರೂ ಆಗುತ್ತಿತ್ತು. ಈ ‘ಗೊತ್ತಿಲ್ಲ’ವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಚಲುವನಿಗೆ ತಿಳಿಯಲಿಲ್ಲ.

“ಬಾ, ಒಂದಾಟ ಆಡಾನ.”

“ಈಗಲಾ?”

“ಬೀಜ ಹೆಂಗೂ ಇಕ್ಕಿದ್ದೀಯ.” ಅವ್ವ ಮತ್ತೆ ಮಣೆ ಮುಂದೆ ಕೂತು ತನ್ನ ಸಾಲಿಗೂ ಒಂದಿಷ್ಟು ಹಾಕಿಕೊಂಡಳು. “ನಿಂದೇ ಮೊದಲು.”

ಚಲುವ ಬ್ರೇಕಿನ ಗುಳಿಯ ಮೂರು ಬೀಜ ಎತ್ತಿದ. ಗೇರ್ ಬಾಕ್ಸಿಗೊಂದು, ಸೈಲೆನ್ಸರಿಗೊಂದು, ಕಾರ್ಬುರೇಟರಿಗೊಂದು. ಕೈ ಖಾಲಿ. ಮುಂದಿನ ಗುಳಿ, ಆ ಸೀಟಿನದ್ದು, ಬರಿದು.

ಆಟದ ಕಟ್ಟಳೆ ಕೂಸಿಗೂ ಗೊತ್ತು. ಮುಂದೆ ಬರಿಗುಳಿ ಬಂದರೆ ಅದನ್ನು ಬೆರಳಲ್ಲಿ ಸವರಬೇಕು. ಸವರಿದವರಿಗೆ ಅದರಾಚೆಯ ಗುಳಿಯಲ್ಲಿ ಇದ್ದಷ್ಟೂ ಸಲ್ಲುತ್ತದೆ.

ಚಲುವ ಸವರಲಿಲ್ಲ. ಬರಿಗುಳಿಯ ಮೇಲಿಂದ ಕೈ ದಾಟಿಸಿ ಎಂಜಿನ್ನಿನ ರಾಶಿ ಬಾಚಲು ಹೋದ.

ಅವ್ವ ಮಣಿಕಟ್ಟು ಹಿಡಿದಳು.

“ಸವರು.”

“ಅದರಲ್ಲೇನೂ ಇಲ್ಲ ಅವ್ವ.”

“ಅದಕ್ಕೇ ಸವರೋದು.”

ಬೆರಳು ಗುಳಿಯ ಅಂಚಿಗೆ ಬಂತು. ಚಲುವ ತಿರುಗಿ ಮರದಡಿಯ ಕಾರು ನೋಡಿದ. ಬಲಗಡೆಯ ಕಿಟಕಿಯಲ್ಲಿ ಟವೆಲ್ಲು ಕಾಣುತ್ತಿತ್ತು. ಇನ್ನೂ ಯಾರೋ ಒರಗಿ ಕೂತ ಹಾಗೆ.

“ಸವರಿಬಿಟ್ರೆ ಅಪ್ಪ ಪೂರ್ತಿ ಹೋಗಿಬಿಡಲ್ವಾ ಅವ್ವ?”

ಅವ್ವ ಹಿಡಿದ ಕೈ ಬಿಡಲಿಲ್ಲ.

“ಸವರಿದ್ರೆ ಗುಳಿ ಎಲ್ಲಿಗೂ ಹೋಗಲ್ಲ ಮಗ.”