ಚೌಡವ್ವ ಏಳಲಿಲ್ಲ

"ನಾಳೆಯಿಂದ ನನ್ನ ಲಾಯದ ಆನೆಗಳು ಹಳೇ ಮಾತು ಕೇಳಕೂಡದು!" ಅಂತ ಕಣಜಗೆರೆಯ ಅರಸ ಹಿರೇಬೊಮ್ಮ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಮಾವುತರು ಆನೆಗೆ ಹೇಳೋ ಮಾತು ತಾತಂದಿರ ಕಾಲದ್ದು. 'ಮೈಲ್' ಅಂದರೆ ಏಳು. ಇದು ಒರಟಾಯಿತು ಅಂತ ಮಂತ್ರಿ ನರಹರಿ ಪಂಡಿತ ಹೊಸದು ಹೊಸೆದಿದ್ದ: 'ಉತ್ತಿಷ್ಠ ಗಜೋತ್ತಮ'. ಮರಿಯಾನೆಗಳು ಕಲಿತವು. ಮುದಿ ಆನೆಗಳು ಕಿವಿ ಬೀಸಿಕೊಂಡು ನಿಂತವು.

"ಎರಡೆರಡು ಮಾತು ಸಾಕೋದು ದಂಡ, ಪ್ರಭು," ಅಂದ ಮಂತ್ರಿ. "ಹೊಸ ಮಾವುತರು ಎರಡನ್ನೂ ಕಲಿತು ಸಾಯಬೇಕೇ? ಹಳೇ ಮಾತಾಡಿದವನಿಗೆ ಚಾಟಿ. ಕಲಿಯದ ಆನೆ ಕಾಡಿಗೆ."

ಮಾವುತ ಇಮಾಮನ ಹೆಣ್ಣಾನೆ ಚೌಡವ್ವ ಹಲ್ಲು ಸವೆದ ಮುದುಕಿ. ಕಾಡಿಗೆ ಅಟ್ಟಿದರೆ ತಿಂಗಳು ಬದುಕೋದಿಲ್ಲ. ಇಮಾಮ ಅಳುತ್ತಾ ಹೋಗಿ ವಿದೂಷಕ ತಿಪ್ಪರಸನ ಕಾಲು ಹಿಡಿದ.

ತಿಪ್ಪರಸ ಅರಸನಿಗೆ ಕೈಮುಗಿದ. "ಮಂತ್ರಿಗಳು ಹೇಳಿದ್ದು ತಪ್ಪಲ್ಲ ಪ್ರಭು. ಹಳೇದನ್ನ ಎಂದಾದರೂ ಬಿಡಲೇಬೇಕು. ಯಾವತ್ತು ಅನ್ನೋದೇ ಪ್ರಶ್ನೆ."

"ನಾಳೆಯೇ!"

"ಹಾಗಾದರೆ ನಾಳೆಯೇ ಮೆರವಣಿಗೆ ಆಗಲಿ. ಅಂಬಾರಿಯಲ್ಲಿ ಪ್ರಭುಗಳು. ಕೆರೆ ಹಾದಿಯಲ್ಲಿ ಹೋಗೋಣ, ಜನ ಸೇರ್ತಾರೆ."

ಅಂಬಾರಿ ಕೂರುತ್ತಿದ್ದದ್ದು ಚೌಡವ್ವನ ಬೆನ್ನ ಮೇಲೆ ಮಾತ್ರ. ಇದು ಯಾರಿಗೂ ನೆನಪಾಗಲಿಲ್ಲ ಅಂದ್ರೆ ನೋಡಿ!

ಮಧ್ಯಾಹ್ನದ ಸುಡುಬಿಸಿಲು. ಕೆರೆ ಕಂಡದ್ದೇ ತಡ, ಚೌಡವ್ವ ಸೀದಾ ನಡುನೀರಿಗೆ ಹೋಗಿ ಕೂತುಬಿಟ್ಟಳು. ಆನೆಗೇನು ಗೊತ್ತು, ಮೇಲಿರೋನು ಅರಸ ಅಂತ?

"ಉತ್ತಿಷ್ಠ ಗಜೋತ್ತಮ!" ದಡದಿಂದ ಮಂತ್ರಿ ಅರಚಿದ.

ಚೌಡವ್ವ ಸೊಂಡಿಲೆತ್ತಿ ಅರಸನ ಪೇಟಕ್ಕೆ ನೀರು ಹಾರಿಸಿದಳು.

"ಇಮಾಮಾ, ಎಬ್ಬಿಸೋ!" ಅಂತ ಅರಸ ಕೂಗಿದ.

"ಗಜೋತ್ತಮ ಅಂದೆ ಪ್ರಭು. ಏಳ್ತಿಲ್ಲ. ಬೇರೆ ಮಾತಿಗೆ ಚಾಟಿ ಅಲ್ವೇ?" ಅಂದ ಆನೆಯ ಕತ್ತಿನ ಮೇಲೆ ಕೂತಿದ್ದ ಇಮಾಮ.

"ತಿಪ್ಪರಸಾ! ನೀರು ಸೊಂಟಕ್ಕೆ ಬಂತಲ್ಲೋ!"

ತಿಪ್ಪರಸ ದಡದಲ್ಲಿ ಕಡಲೆ ತಿನ್ನುತ್ತಿದ್ದ. "ಚೌಡವ್ವನಿಗೆ ಪಾಠ ನಡೀತಿದೆ ಪ್ರಭು. ಯುಗಾದಿ ಹೊತ್ತಿಗೆ ಕಲೀತಾಳೆ."

"ಅಯ್ಯೋ, ಹಳೇದನ್ನೇ ಹೇಳೋ ಇಮಾಮಾ!"

"ಮೈಲ್," ಅಂದ ಇಮಾಮ, ಮೆಲ್ಲಗೆ.

ಚೌಡವ್ವ ಎದ್ದಳು. ಅಂಬಾರಿಯಿಂದ ನೀರು ಸುರಿಯಿತು.

ಅರಸ ಮೇಲಿನಿಂದಲೇ ಗುಡುಗಿದ. "ಈಗ ಹೇಳಯ್ಯಾ, ಹಳೇ ಮಾತು ಬಿಡೋದು ಯಾವತ್ತು?"

"ಮೊದಲು ತಾವು ಇಳೀರಿ ಪ್ರಭು," ಅಂದ ತಿಪ್ಪರಸ. "ಆಮೇಲೆ ಬಿಡೋಣ."

ಅರಸ ಅಂಬಾರಿ ಅಲುಗುವಂತೆ ನಕ್ಕ. "ಮರಿಗಳಿಗೆ ಹೊಸದನ್ನೇ ಕಲಿಸಿ. ಇವಳು ನನ್ನ ಹೊರೋವರೆಗೂ ಇವಳ ಮಾತು ಇರಲಿ!"