ಘಟ್ಟದ ದಾರಿಯ ಪುಸ್ತಕ

"ಗುರುಗಳೇ, ಘಟ್ಟದ ಕಾಡಿನಲ್ಲಿ ಒಬ್ಬನೇ ನಡೆದು ಬರಬೇಕೆಂದಿದ್ದೇನೆ. ಆ ದಾರಿಯ ಬಗ್ಗೆ ಬರೆದ ಪುಸ್ತಕಗಳು ಬೇಕಾದಷ್ಟಿವೆ. ಯಾವುದನ್ನು ಒಯ್ಯಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನು ತಂದಿದ್ದ ಪುಸ್ತಕದ ಗಂಟನ್ನು ಎತ್ತಿ ನೋಡಿದರು. "ಇಷ್ಟನ್ನೂ ಹೊತ್ತು ಘಟ್ಟ ಹತ್ತುವುದು ನಿನ್ನಿಂದಾಗದು, ಅದಕ್ಕೆ ಹೇರು ಹೊರುವ ಎತ್ತೇ ಬೇಕು," ಎಂದು ನಕ್ಕರು. "ಕೂತುಕೋ. ಒಂದು ಕತೆ ಕೇಳು."

ಘಟ್ಟದ ಕೆಳಗೆ ಒಬ್ಬ ವ್ಯಾಪಾರಿಯಿದ್ದ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು, ಕಾಡು ದಾಟಿ, ಮೇಲಿನ ಊರುಗಳಲ್ಲಿ ಮಾರುತ್ತಿದ್ದ. ಕಣ್ಣು ಕಟ್ಟಿ ಬಿಟ್ಟರೂ ಆ ದಾರಿಯಲ್ಲಿ ನಡೆದು ಬರುತ್ತಾನೆ ಎಂದು ಜನ ಅವನನ್ನು ಹೊಗಳುತ್ತಿದ್ದರು. ಹೊಗಳಿಕೆಗೆ ಉಬ್ಬದವರು ಯಾರು? ವಯಸ್ಸಾದ ಮೇಲೆ, ಹೊಸಬರಿಗೆ ನೆರವಾಗಲೆಂದು ಅವನೊಂದು ಪುಸ್ತಕ ಬರೆದ. ನೀರು ಎಲ್ಲಿ ಸಿಗುತ್ತದೆ, ಹಳ್ಳವನ್ನು ಎಲ್ಲಿ ದಾಟಬೇಕು, ಯಾವ ಬಂಡೆಯ ಮರೆಯಲ್ಲಿ ತಂಗಬಹುದು, ಎಲ್ಲವನ್ನೂ ಬರೆದ. ಒಂದನ್ನು ಮಾತ್ರ ಬಿಟ್ಟ.

ಹರೆಯದಲ್ಲಿ ಒಮ್ಮೆ ಅವನೂ ದಾರಿ ತಪ್ಪಿದ್ದ. ದೊಡ್ಡ ಅತ್ತಿಮರದ ಬಳಿ ಆನೆಗಳು ತುಳಿದು ಮಾಡಿದ ದಾರಿಯೊಂದು ಕವಲೊಡೆಯುತ್ತದೆ. ಮನುಷ್ಯರ ದಾರಿಗಿಂತ ಅದು ಅಗಲ, ನಡೆಯಲೂ ಹಿತ. ಆನೆ ನಡೆದದ್ದೇ ದಾರಿ ಎನ್ನುತ್ತಾರೆ. ಆ ಮಾತು ಆನೆಗೆ ಸರಿ. ಅದನ್ನು ಹಿಡಿದು ಹೋದ ವ್ಯಾಪಾರಿ ಬಿದಿರಿನ ಕಣಿವೆಯಲ್ಲಿ ಸಿಕ್ಕಿಕೊಂಡು ದಿಕ್ಕು ತೋಚದೆ ಅತ್ತಿದ್ದ. ಹೇಗೋ ಹಿಂದಿರುಗಿ ಬದುಕಿಕೊಂಡ. ಇದನ್ನು ಬರೆದರೆ ಜನ ನಗುತ್ತಾರೆ ಎಂದು ಅವನಿಗೆ ನಾಚಿಕೆಯಾಯಿತು. ಜಾಣರ ದಡ್ಡತನ ಇಂಥ ಕಡೆಯಲ್ಲೇ ಇರುವುದು.

ಮುಂದೆ ಅವನ ತಮ್ಮ ಆ ಪುಸ್ತಕ ಹಿಡಿದು ಒಬ್ಬನೇ ಘಟ್ಟ ಹತ್ತಿದ. ಅತ್ತಿಮರದ ಬಳಿ ಅವನಿಗೂ ಅಗಲವಾದ ದಾರಿಯೇ ಸರಿಯೆನಿಸಿತು. ಕಣಿವೆಗೆ ಇಳಿದಾಗ ಅನುಮಾನ ಬಂದು ಪುಸ್ತಕ ತೆರೆದ. ಅದರಲ್ಲಿ ಕಣಿವೆಯ ಮಾತೇ ಇರಲಿಲ್ಲ. ಅಪಾಯವಿದ್ದಿದ್ದರೆ ಅಣ್ಣ ಬರೆಯದೆ ಇರುತ್ತಿದ್ದನೇ ಎಂದುಕೊಂಡು ಮುಂದಕ್ಕೆ ನಡೆದ. ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಕಾಲು ಮುರಿದುಕೊಂಡ.

ತಮ್ಮ ಮೇಲಿನ ಊರು ಸೇರಲಿಲ್ಲ ಎಂಬ ಸುದ್ದಿ ಬಂತು. ಕಾಡನ್ನು ಯಾವ ಕಡೆಯಿಂದ ಹುಡುಕುವುದೆಂದು ಊರವರು ಚರ್ಚಿಸುತ್ತ ನಿಂತರು. ವ್ಯಾಪಾರಿ ಯಾರನ್ನೂ ಕೇಳಲಿಲ್ಲ. ವಯಸ್ಸನ್ನು ಮರೆತು ನೇರವಾಗಿ ಆ ಕಣಿವೆಗೇ ಹೋದ. ತಮ್ಮ ಬಾಯಾರಿ ಬಿದ್ದಿದ್ದ, ಜೀವವಿತ್ತು. ವ್ಯಾಪಾರಿ ನೀರು ಕುಡಿಸಿ, ಅವನನ್ನು ತಬ್ಬಿಕೊಂಡು ಅತ್ತ.

"ಅಣ್ಣಾ, ನಾನು ಇಲ್ಲಿರುವುದು ನಿನಗೆ ಹೇಗೆ ಗೊತ್ತಾಯಿತು?" ಎಂದು ತಮ್ಮ ಕೇಳಿದ.

"ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ, ತಮ್ಮಾ."

ತಮ್ಮ ಪುಸ್ತಕವನ್ನು ಅಣ್ಣನ ಕೈಗಿಟ್ಟ. "ಅದನ್ನೊಂದು ಸಾಲು ಬರೆಯಬಾರದಿತ್ತೇ?" ಎಂದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಆ ಪುಸ್ತಕ ಸುಳ್ಳೇ?" ಎಂದು ಶಿಷ್ಯ ಕೇಳಿದ.

"ಇಲ್ಲಪ್ಪ, ಅದರಲ್ಲಿದ್ದ ಪ್ರತಿ ಅಕ್ಷರವೂ ನಿಜ."

"ಮತ್ತೆ ನಾನು ಯಾವುದನ್ನು ನಂಬಲಿ?"

ಗುರುಗಳು ಎದ್ದು ನಿಂತರು. "ಬರೆದವನು ಒಮ್ಮೆಯೂ ದಾರಿ ತಪ್ಪದ ಪುಸ್ತಕವಿದ್ದರೆ, ಅದನ್ನು ಇಲ್ಲೇ ಇಟ್ಟು ಹೋಗು."